ಗಡೀಪಾರಾಗಿ ಬಂದ ಪೂರ್ವಜರನ್ನು ದಾಖಲೆಗಳಲ್ಲಿ ಹುಡುಕುವ ಬಗೆ

1788ರಲ್ಲಿ ಸಿಡ್ನಿಯ ದಡ ಸೇರಿದ, ಕೈದಿಗಳನ್ನು ಹೊತ್ತ ಮೊದಲ ಹಡಗುಗಳ ತಂಡದಿಂದ ಹಿಡಿದು 1868ರಲ್ಲಿ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಬಂದ ಕೊನೆಯ ಹಡಗಿನವರೆಗೆ, 1,60,000ಕ್ಕೂ ಹೆಚ್ಚು ಕೈದಿಗಳನ್ನು ಮುಖ್ಯವಾಗಿ ಬ್ರಿಟನ್ ಮತ್ತು ಐರ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಲಾಯಿತು. ಅವರಲ್ಲೊಬ್ಬರು ತಮ್ಮ ಮನೆತನದ ಮೂಲಪುರುಷರೋ ಮೂಲಸ್ತ್ರೀಯೋ ಆಗಿರಬಹುದೆಂದು ಊಹಿಸುವವರು ನೇರವಾಗಿ ಕೈದಿಗಳ ಪಟ್ಟಿಗೆ ಕೈ ಹಾಕಬಾರದು. ಒಂದೇ ಹೆಸರಿನ ಹತ್ತಾರು ಮಂದಿ ಅಲ್ಲಿರುವುದರಿಂದ, ಸಂಬಂಧವೇ ಇಲ್ಲದವರನ್ನು ಮುತ್ತಜ್ಜನೆಂದು ಒಪ್ಪಿಕೊಳ್ಳುವ ಅಪಾಯ ದೊಡ್ಡದು.

ಜನನ, ವಿವಾಹ, ಮರಣ ಪತ್ರಗಳ ಆಧಾರದಿಂದ ತಮ್ಮಿಂದಲೇ ಆರಂಭಿಸಿ ಒಂದೊಂದು ತಲೆಮಾರಾಗಿ ಹಿಂದಕ್ಕೆ ಹೋಗಬೇಕು. ಸರ್ಕಾರಿ ನೋಂದಣಿ ಟಾಸ್ಮೇನಿಯಾದಲ್ಲಿ 1838ರಲ್ಲಿಯೂ ನ್ಯೂ ಸೌತ್ ವೇಲ್ಸ್‌ನಲ್ಲಿ 1856ರಲ್ಲಿಯೂ ಆರಂಭವಾದುದರಿಂದ, ಅದಕ್ಕೂ ಹಿಂದಿನ ಕಾಲಕ್ಕೆ ಚರ್ಚುಗಳ ದಾಖಲೆಗಳೇ ಗತಿ.

ಈ ಹುಡುಕಾಟದಲ್ಲಿ ಹೆಸರಿಗಿಂತಲೂ ಮುಖ್ಯವಾದುದು ಹಡಗು. ಅಧಿಕಾರಿಗಳು ಕೈದಿಯ ಹೆಸರಿನ ಜೊತೆಗೆ ಆತ ಬಂದ ಹಡಗನ್ನೂ ಬರೆಯುತ್ತಿದ್ದರು. ಒಂದೇ ಹೆಸರಿನವರನ್ನು ಬೇರ್ಪಡಿಸಲು ಅವರಿಗೂ ಅದೇ ದಾರಿಯಾಗಿತ್ತು. ನ್ಯೂ ಸೌತ್ ವೇಲ್ಸ್‌ನ 1828ರ ಜನಗಣತಿಯಲ್ಲಿ ಬಂದ ಹಡಗು ಮತ್ತು ವರ್ಷದ ಜೊತೆಗೆ, ಆ ವ್ಯಕ್ತಿ ಕೈದಿಯಾಗಿ ಬಂದವರೇ, ಸ್ವತಂತ್ರವಾಗಿ ಬಂದವರೇ, ವಸಾಹತಿನಲ್ಲೇ ಹುಟ್ಟಿದವರೇ ಎಂಬುದೂ ಸಿಗುತ್ತದೆ. ಹಡಗು ತಿಳಿದ ಮೇಲೆ ಅದರ ಕೈದಿಗಳ ಪಟ್ಟಿಯನ್ನು ತೆರೆಯಬಹುದು. ಆರಂಭದ ವರ್ಷಗಳ ಪಟ್ಟಿಗಳಲ್ಲಿ ವಿವರ ಕಡಿಮೆ. ನಂತರದವುಗಳಲ್ಲಿ ವಿಚಾರಣೆ ನಡೆದ ಸ್ಥಳ, ಶಿಕ್ಷೆಯ ಅವಧಿ, ಹುಟ್ಟೂರು, ಕಸುಬು ಎಲ್ಲವೂ ಇರುತ್ತವೆ. ಟಾಸ್ಮೇನಿಯಾದ ದಾಖಲೆಗಳಂತೂ ಎತ್ತರ, ಕಣ್ಣಿನ ಬಣ್ಣ, ಹಚ್ಚೆಗಳನ್ನೂ ಬಣ್ಣಿಸುತ್ತವೆ. ಛಾಯಾಚಿತ್ರವೇ ಇಲ್ಲದ ಪೂರ್ವಜರ ರೂಪವನ್ನು ಕಣ್ಣೆದುರು ತರುವ ಇಂಥ ಸಾಲುಗಳಿಗಿಂತ ಅಮೂಲ್ಯವಾದುದು ವಂಶಾವಳಿಯ ಹುಡುಕಾಟದಲ್ಲಿ ಮತ್ತೊಂದಿಲ್ಲ.

ಲಂಡನ್ನಿನಲ್ಲಿ ಶಿಕ್ಷೆಯಾಗಿದ್ದರೆ ಓಲ್ಡ್ ಬೇಲಿ ನ್ಯಾಯಾಲಯದ ಕಲಾಪಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು. ಐರ್ಲೆಂಡಿನವರಾದರೆ ದಾರಿ ಕಠಿಣ, ಏಕೆಂದರೆ 1922ರಲ್ಲಿ ಡಬ್ಲಿನ್ನಿನ ದಾಖಲೆಗಳ ಬಹುಭಾಗ ಬೆಂಕಿಗೆ ಆಹುತಿಯಾಯಿತು. ಕ್ಷಮೆ ಕೋರಿ ಕೈದಿಗಳೂ ಅವರ ಬಂಧುಗಳೂ ಬರೆದ ಅರ್ಜಿಗಳು ಮಾತ್ರ ಸಾಕಷ್ಟು ಉಳಿದಿವೆ.

ಹೆಸರು ಬದಲಾಗಿರುವ ಸಾಧ್ಯತೆಯನ್ನೂ ಮರೆಯಬಾರದು. ಇಂದು ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲಿರುವ, ಕೈದಿಯಾಗಿ ಬಂದು ವ್ಯಾಪಾರಿಯಾದ ಮೇರಿ ರೈಬಿ, ಕುದುರೆ ಕದ್ದ ಆರೋಪದಲ್ಲಿ ಸಿಕ್ಕಿಬಿದ್ದಾಗ ಹುಡುಗನ ವೇಷದಲ್ಲಿದ್ದು, ಜೇಮ್ಸ್ ಬರೋ ಎಂಬ ಹೆಸರು ಹೇಳಿದ್ದಳು. ಕೈದಿಯ ಕಳಂಕವನ್ನು ಮುಚ್ಚಲು ಮಕ್ಕಳು ಮರಣಪತ್ರದಲ್ಲಿ ತಪ್ಪು ವಿವರ ಬರೆಸಿದ್ದರೂ ಆಶ್ಚರ್ಯವಿಲ್ಲ. ಆದ್ದರಿಂದ ವಯಸ್ಸು, ಹುಟ್ಟೂರು, ಹಡಗು ಈ ಮೂರೂ ಹೊಂದಿಕೆಯಾಗುವವರೆಗೆ ಆ ಹೆಸರನ್ನು ವಂಶವೃಕ್ಷದಲ್ಲಿ ಪೆನ್ಸಿಲಿನಲ್ಲೇ ಬರೆದಿಡಬೇಕು.