ಆಪ್ ಡಿಲೀಟ್ ಮಾಡೋದ್ ಬೇಡ, ಫೀಡ್ ಕಟ್ ಮಾಡಿ ಸಾಕು

ಜನವರಿ ಒಂದನೇ ತಾರೀಕು ಬಂತು ಅಂದ್ರೆ ಯಾರಾದ್ರೂ ಒಬ್ರು "ನಾನು ಇನ್‌ಸ್ಟಾ ಡಿಲೀಟ್ ಮಾಡ್ದೆ ಕಣ್ರೋ" ಅಂತ ಅನೌನ್ಸ್ ಮಾಡ್ತಾರೆ, ಸಂಕ್ರಾಂತಿ ಹೊತ್ತಿಗೆ ಅದೇ ಇನ್‌ಸ್ಟಾದಲ್ಲಿ ಎಳ್ಳು ಬೆಲ್ಲದ ಸ್ಟೋರಿ ಹಾಕಿರ್ತಾರೆ. ಅವ್ರನ್ನ ಬೈಯೋಕಾಗಲ್ಲ, ಫ್ರೆಂಡ್ಸು, ಕಸಿನ್ಸು, ಆಫೀಸ್ ಗ್ಯಾಂಗು ಎಲ್ಲಾ ಅಲ್ಲೇ ಇರೋವಾಗ ಆಪ್ ಕಿತ್ತಾಕಿದ್ರೆ ಅವ್ರೂ ಜೊತೇಲೇ ಹೋಗ್ತಾರೆ, ವಾಪಸ್ ಬರ್ಲೇಬೇಕು. ನನ್ನ ಪ್ರಕಾರ ಗೊತ್ತಿರೋ ಜನ ನಮ್ ಟೈಮ್ ತಿನ್ನೋದು ಕಮ್ಮಿನೇ, ಜಾಸ್ತಿ ತಿನ್ನೋದು ಗೊತ್ತೇ ಇಲ್ದಿರೋರ ವಿಡಿಯೋಗಳನ್ನ ತಂದು ಸುರಿಯೋ ಫೀಡು. ಹಾಗಾಗಿ ಜನ ಇರ್ಲಿ, ಫೀಡ್ ಹೋಗ್ಲಿ, ಅದನ್ನ ಹೇಗೆ ಮಾಡೋದು ಅಂತ ಹೇಳ್ತೀನಿ.

ಮೊದ್ಲು ಲೆಕ್ಕ ನೋಡ್ಕೊಳ್ಳಿ. ಆಂಡ್ರಾಯ್ಡ್ ಆದ್ರೆ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಇದೆ, ಐಫೋನ್ ಆದ್ರೆ ಸ್ಕ್ರೀನ್ ಟೈಮ್, ಎರಡೂ 2018ರಲ್ಲೇ ಬಂದಿರೋದು, ಇದಕ್ಕೆ ಅಂತ ಇನ್ನೊಂದು ಆಪ್ ಹಾಕ್ಕೊಳ್ಳೋದೇನೂ ಬೇಡ. ಒಟ್ಟು ಎಷ್ಟು ಗಂಟೆ ಅಂತ ನೋಡಿ ಗಾಬರಿ ಬೀಳ್ಬೇಡಿ, ಅದ್ರಲ್ಲಿ ಮ್ಯಾಪು, ಮಕ್ಕಳ ಹೋಂವರ್ಕು ಎಲ್ಲಾ ಸೇರಿರುತ್ತೆ. ಯಾವ ಆಪ್, ಯಾವ ಹೊತ್ತಲ್ಲಿ, ದಿನಕ್ಕೆ ಎಷ್ಟ್ ಸಲ ಫೋನ್ ಅನ್‌ಲಾಕ್ ಮಾಡ್ತೀರ, ಇಷ್ಟು ನೋಡಿದ್ರೆ ಸಾಕು. ಬಹಳ ಜನಕ್ಕೆ ಸಿಕ್ಕಾಕೊಳ್ಳೋ ಜಾಗ ಎರಡೇ, ರಾತ್ರಿ ಹಾಸಿಗೆ, ಬೆಳಿಗ್ಗೆ ಟಾಯ್ಲೆಟ್ಟು.

ಈಗ ರೀಲ್ಸ್. 2020ರ ಜೂನ್ ಕೊನೇಲಿ ಇಲ್ಲಿ ಟಿಕ್‌ಟಾಕ್ ಬ್ಯಾನ್ ಆಯ್ತು, ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ತಂತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್‌ನ ಮೊದಲ ಟ್ರಯಲ್ ಕೂಡ ನಮ್ ದೇಶದಲ್ಲೇ ಆಯ್ತು. ಒಂದು ಹೋಯ್ತು ಅಂದ್ರೆ ಎರಡು ಬಂತು.

ಹೆಂಗೆ ಬೀಳ್ತೀವಿ ಅಂತ ಗಮನಿಸಿ. ಹನ್ನೊಂದು ಗಂಟೆಗೆ ಅಲಾರಂ ಇಡೋಣ ಅಂತ ಫೋನ್ ತಗೋತೀರ, ಮೇಲ್ಗಡೆ ಒಂದು ನೋಟಿಫಿಕೇಶನ್, ಅತ್ತೆ ಮಗ ಯಾವುದೋ ಯಕ್ಷಗಾನದ ಹಾಸ್ಯದ ತುಣುಕು ಕಳ್ಸಿದಾನೆ, ಮೂವತ್ತೇ ಸೆಕೆಂಡು, ನಕ್ಕಿದ್ದೂ ಆಯ್ತು, ಆಮೇಲೆ ಹೆಬ್ಬೆರಳು ತಾನಾಗೇ ಮೇಲಕ್ಕೆ ತಳ್ಳುತ್ತೆ. ಅಷ್ಟೇ. ಅಲ್ಲಿಂದಾಚೆಗೆ ಬರೋದು ಯಾವ್ದೂ ಅತ್ತೆ ಮಗ ಕಳ್ಸಿದ್ದಲ್ಲ. ದೋಸೆ ಕಾವಲಿ, ಸೈಟ್ ಮಾರಾಟ, ನಾಯಿಮರಿ, ರಾಶಿ ಭವಿಷ್ಯ, ನೋಡಿದ್ರೆ ಹನ್ನೆರಡೂವರೆ, ಅಲಾರಂ ಇನ್ನೂ ಇಟ್ಟಿಲ್ಲ.

ಆ ಒಂದು ತಳ್ಳೋದೇ ಬಾಗ್ಲು. ಯಾರಾದ್ರೂ ಕಳ್ಸಿದ್ ರೀಲ್ ನೋಡಿ, ಬ್ಯಾಕ್ ಒತ್ತಿ, ಅವ್ರ ಮೆಸೇಜಿಗೆ ಒಂದು ನಗು ಎಮೋಜಿ ಹಾಕಿ, ಆಚೆ ಬನ್ನಿ. ಇದೊಂದು ರೂಢಿ ಆದ್ರೆ ಅರ್ಧ ಕೆಲ್ಸ ಆದಂಗೆ. ಇನ್ನು ಇನ್‌ಸ್ಟಾ ಸೆಟ್ಟಿಂಗ್ಸ್ ಒಳಗೆ ಕಂಟೆಂಟ್ ಪ್ರಿಫರೆನ್ಸಸ್‌ಗೆ ಹೋದ್ರೆ ಸಜೆಸ್ಟೆಡ್ ಪೋಸ್ಟ್‌ಗಳನ್ನ 30 ದಿನ ಸ್ನೂಜ್ ಮಾಡ್ಬಹುದು, ಆಗ ಫೀಡಲ್ಲಿ ನೀವು ಫಾಲೋ ಮಾಡೋರೇ ಜಾಸ್ತಿ ಕಾಣ್ತಾರೆ. 30 ದಿನ ಆದ್ಮೇಲೆ ಅದು ಸದ್ದಿಲ್ದೆ ವಾಪಸ್ ಬರುತ್ತೆ, ಪರ್ಮನೆಂಟಾಗಿ ಆಫ್ ಮಾಡೋಕೆ ಅವ್ರಿಗೇನು ಹುಚ್ಚಾ, ಹಾಗಾಗಿ ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಹಾಕ್ಕೊಳ್ಳಿ.

ಯೂಟ್ಯೂಬ್‌ಗೆ ಇದಕ್ಕಿಂತ ಒಳ್ಳೇ ಮದ್ದಿದೆ. ವಾಚ್ ಹಿಸ್ಟರಿ ಆಫ್ ಮಾಡಿ, ಹಳೇದನ್ನೂ ಅಳಿಸಿ. 2023ರಿಂದ ಹಿಸ್ಟರಿ ಇಲ್ದಿದ್ರೆ ಹೋಮ್ ಪೇಜ್ ಖಾಲಿ ಖಾಲಿ ಬರುತ್ತೆ, ಸರ್ಚ್ ಬಾಕ್ಸ್ ಬಿಟ್ರೆ ಹೆಚ್ಚೇನೂ ಇರಲ್ಲ. ಬಿಸಿಬೇಳೆಬಾತ್ ಮಾಡೋದ್ ನೋಡ್ಬೇಕಾ, ಟೈಪ್ ಮಾಡಿ, ನೋಡಿ, ಮುಗೀತು. ಮೊದಲೆರಡು ದಿನ ಬೋಳು ಬೋಳು ಅನ್ಸುತ್ತೆ, ಅನ್ಸ್ಲಿ ಬಿಡಿ.

ಆಪ್ ಟೈಮರ್ ಬಗ್ಗೆ ನಂಗೆ ಅಷ್ಟು ನಂಬಿಕೆ ಇಲ್ಲ. ಟೈಮ್ ಮುಗೀತು ಅಂದ್ರೂ ನಾವೇ ಇಟ್ಟಿರೋ ಟೈಮರ್ ನಾವೇ ತೆಗೆದಾಕ್ತೀವಿ. ಐಫೋನ್‌ನಲ್ಲಾದ್ರೆ ಸ್ಕ್ರೀನ್ ಟೈಮ್ ಪಾಸ್‌ಕೋಡನ್ನ ಹೆಂಡ್ತಿ ಕೈಲೋ ಗಂಡನ ಕೈಲೋ ಹಾಕಿಸಿ, "ನಂಗೆ ಹೇಳ್ಬೇಡಿ" ಅನ್ನಿ, ಆಗ ಕೆಲ್ಸ ಮಾಡುತ್ತೆ. ರಾತ್ರಿ ವಿಷ್ಯಕ್ಕೆ ಟೈಮರ್ ಬದ್ಲು ಒಂದು ಟೈಂಪೀಸ್ ತಗೊಳ್ಳಿ, ಗಡಿಯಾರದ ಅಂಗಡೀಲಿ ಈಗ್ಲೂ ಸಿಗುತ್ತೆ. "ಅಲಾರಂಗೆ ಫೋನ್ ಬೇಕು" ಅನ್ನೋ ನೆಪ ಹೋದ್ರೆ ಫೋನನ್ನ ಹಾಲ್‌ನಲ್ಲೇ ಚಾರ್ಜ್‌ಗೆ ಹಾಕಿ ಮಲಗ್ಬಹುದು.

ಇನ್ನು ವಾಟ್ಸಾಪ್, ಇದು ಸ್ವಲ್ಪ ನಾಜೂಕಿನ ಕೆಲ್ಸ, ಯಾಕಂದ್ರೆ ಇಲ್ಲಿ ಫೀಡ್ ತರೋದೇ ನಮ್ ಜನ. ಫ್ಯಾಮಿಲಿ ಗ್ರೂಪು, ಅಪಾರ್ಟ್‌ಮೆಂಟ್ ಗ್ರೂಪು, ಸ್ಕೂಲ್ ಪೇರೆಂಟ್ಸ್ ಗ್ರೂಪು, ಎಸ್ಸೆಸ್ಸೆಲ್ಸಿ ಬ್ಯಾಚು, ಬೆಳಿಗ್ಗೆ ಆರಕ್ಕೇ ಗುಲಾಬಿ ಹೂ ಮೇಲೆ ಶುಭೋದಯ. ಗ್ರೂಪ್ ಬಿಟ್ರೆ ದೊಡ್ಡಮ್ಮ ಬೇಜಾರ್ ಮಾಡ್ಕೋತಾರೆ, ಮುಂದಿನ ಮದ್ವೇಲಿ ಎಲ್ಲರೆದುರಿಗೇ ಕೇಳ್ತಾರೆ. ಬಿಡೋದ್ ಬೇಡ. ಗ್ರೂಪನ್ನ ಮ್ಯೂಟ್ ಆಲ್ವೇಸ್ ಮಾಡಿ, ಆರ್ಕೈವ್‌ಗೆ ತಳ್ಳಿ. ಯಾರಾದ್ರೂ ನಿಮ್ ಹೆಸ್ರು ಟ್ಯಾಗ್ ಮಾಡಿದ್ರೆ ಅಥ್ವಾ ನಿಮ್ ಮೆಸೇಜಿಗೇ ರಿಪ್ಲೈ ಮಾಡಿದ್ರೆ ನೋಟಿಫಿಕೇಶನ್ ಬಂದೇ ಬರುತ್ತೆ, ಭಯ ಬೇಡ. ಸಂಜೆ ಕಾಫಿ ಹೊತ್ತಲ್ಲಿ ಒಂದ್ಸಲ ಒಳಗೆ ಹೋಗಿ ಹುಟ್ಟಿದಬ್ಬಕ್ಕೆಲ್ಲಾ ವಿಶ್ ಮಾಡಿ ಬನ್ನಿ. ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಗ್ರೂಪ್ಸ್ ಅಂತಿದೆ, ಅಲ್ಲಿ ಮೈ ಕಾಂಟ್ಯಾಕ್ಟ್ಸ್ ಇಡಿ, ನಂಬರ್ ಗೊತ್ತಿಲ್ದೋರು ಹೊಸ ಗ್ರೂಪ್‌ಗೆ ಎಳ್ಕೊಂಡ್ ಹೋಗೋಕಾಗಲ್ಲ. ಮೀಡಿಯಾ ಆಟೋ ಡೌನ್‌ಲೋಡ್ ಆಫ್ ಮಾಡಿದ್ರೆ ಗುಲಾಬಿ ಹೂಗಳು ಗ್ಯಾಲರಿ ತುಂಬಲ್ಲ. ಮನೆಯವ್ರಿಗೆ ಮಾತ್ರ ಒಂದ್ ಮಾತು ಹೇಳಿಡಿ: ಅರ್ಜೆಂಟ್ ಇದ್ರೆ ಮೆಸೇಜ್ ಬೇಡ, ಫೋನ್ ಮಾಡಿ.

ಇಷ್ಟೆಲ್ಲಾ ಮಾಡಿದ್ಮೇಲೂ ನಿದ್ದೆ ಕೆಡ್ತಾ ಇದೆ, ಓದೋಕೆ ಆಗ್ತಿಲ್ಲ, ಫೋನ್ ಕಿತ್ಕೊಂಡ್ರೆ ಮಕ್ಳು ರಂಪ ಮಾಡ್ತಾರೆ ಅನ್ನೋ ಹಂತ ಆದ್ರೆ ಅದು ಸೆಟ್ಟಿಂಗ್ಸ್‌ನಿಂದ ಸರಿಹೋಗೋದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ಶಟ್ ಕ್ಲಿನಿಕ್ 2014ರಿಂದ ಇದೆ, ದೂರದ ಊರಲ್ಲಿರೋರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡೇನೂ ಇಲ್ಲ.

ಹಾಂ, ಆರ್‌ಸಿಬಿ ಮ್ಯಾಚ್ ಇರೋ ದಿನ ಈ ರೂಲ್ಸ್ ಒಂದೂ ನಡಿಯಲ್ಲ. ಮೀಮ್ಸು, ಗ್ರೂಪಲ್ಲಿ ಜಗಳ, ಅಂಪೈರ್‌ಗೆ ಬೈಗುಳ ಎಲ್ಲಾ ಆಗ್ಲಿ, ಆರ್ಕೈವ್‌ನಿಂದ ಫ್ರೆಂಡ್ಸ್ ಗ್ರೂಪ್ ಒಂದನ್ನ ಆಚೆ ತಗೊಳ್ಳಿ, ಮಾರನೇ ದಿನ ಬೆಳಿಗ್ಗೆ ವಾಪಸ್ ಒಳಗೆ ಹಾಕಿ.