ಹಳೆ ಮನೆ ಖಾಲಿ ಮಾಡಿಸುವ ಕ್ರಮ: ಅಂಗಳದ ಗುಡ್ಡೆಯಿಂದ ಬಾಡಿಗೆ ಗಾಡಿಯವರೆಗೆ

ಶಿರಸಿ ಕಡೆಯ ಅಟ್ಟದ ಮನೆಯಿರಲಿ, ಕಾರವಾರ-ಅಂಕೋಲಾ ಬದಿಯ ಹೆಂಚಿನ ಮನೆಯಿರಲಿ, ಸಾಮಾನು ಖಾಲಿ ಮಾಡಿಸುವಾಗ ಗಾಡಿಯವನಿಗೆ ಫೋನ್ ಮಾಡುವುದು ನನ್ನ ಲೆಕ್ಕದಲ್ಲಿ ಕಡೆಯ ಕೆಲಸ. ಮೊದಲು ಎಲ್ಲವನ್ನೂ ಅಂಗಳಕ್ಕೆ ಇಳಿಸಿ, ಯಾವುದು ಎಲ್ಲಿಗೆ ಹೋಗಬೇಕೋ ಹಾಗೆ ಗುಡ್ಡೆ ಹಾಕಿಸುತ್ತೇನೆ. "ಎಲ್ಲ ಸೇರಿಸಿ ಇಷ್ಟು" ಎಂದು ಒಂದೇ ಮಾತಿಗೆ ಕೊಟ್ಟರೆ ತಾಮ್ರದ ಬೆಲೆ ಗಾಡಿಯವನಿಗೆ ಹೋಗುತ್ತದೆ, ಔಷಧಿ ಬಾಟಲಿ ಘಟ್ಟದ ಯಾವುದೋ ತಿರುವಿನಲ್ಲಿ ಬೀಳುತ್ತದೆ. ಜೂನ್‌ನಲ್ಲಿ ಅದೇ ಹಳ್ಳಕ್ಕೆ ಇಳಿದು ಅಘನಾಶಿನಿ ಸೇರುತ್ತದೆ.

ಕೆಲಸ ಏಪ್ರಿಲ್-ಮೇ ತಿಂಗಳಲ್ಲೇ ಮುಗಿಯಬೇಕು. ಮಳೆ ಹಿಡಿದರೆ ಅಂಗಳದಲ್ಲಿ ಗುಡ್ಡೆ ನಿಲ್ಲುವುದಿಲ್ಲ. ರದ್ದಿ ನೆನೆದರೆ ಗುಜರಿಯವರು ತೂಕದಲ್ಲಿ ಸಿಕ್ಕಾಪಟ್ಟೆ ಕಡಿತ ಮಾಡುತ್ತಾರೆ. ಹಳೆ ಟೈರು, ಮಡಕೆ, ಒಡೆದ ಬಕೆಟ್ಟಿನಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆಗೆ ಅಷ್ಟೇ ಸಾಕು. ಅಟ್ಟ ಗುಡಿಸುವವರಿಗೆ ಮಾಸ್ಕ್, ದಪ್ಪ ಕೈಗವಸು, ಮುಚ್ಚಿದ ಚಪ್ಪಲಿ ಕೊಡಿ. ಇಲಿ ಉಚ್ಚೆಯಿಂದ ಇಲಿಜ್ವರ ಬರುತ್ತದೆ. ಕೈಯಲ್ಲಿ ಗಾಯ ಇದ್ದವರನ್ನು ಆ ಕೆಲಸಕ್ಕೆ ಹಚ್ಚಲೇಬಾರದು. ಧೂಳು ಗುಡಿಸುವ ಮೊದಲು ನೀರು ಚಿಮುಕಿಸಬೇಕು.

ಕಾಗದಪತ್ರ ಮನೆಯವರೇ ನೋಡಬೇಕು, ಕೂಲಿಯವರಲ್ಲ. ಟ್ರಂಕಿನ ತಳ, ಕಪಾಟಿಗೆ ಹಾಸಿದ ಪೇಪರಿನ ಅಡಿ, ಹಳೆ ಪಂಚಾಂಗದ ನಡುವೆ ಕ್ರಯಪತ್ರಗಳು ಇರುತ್ತವೆ.

ಗುಜರಿಯವರೊಂದಿಗೆ ವ್ಯವಹಾರ ಮಾಡುವಾಗ ಇಬ್ಬರನ್ನಾದರೂ ಕೇಳಿ. "ಕಬ್ಬಿಣ ಎಷ್ಟು" ಎಂದಷ್ಟೇ ಕೇಳಿದರೆ ಸಾಲದು. ಕಬ್ಬಿಣ, ತಗಡು, ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ, ಮೋಟರ್, ಪ್ಲಾಸ್ಟಿಕ್, ರದ್ದಿ ಎಲ್ಲಕ್ಕೂ ಬೇರೆ ಬೇರೆ ದರ ಬರೆಸಿಕೊಳ್ಳಬೇಕು. ಹಳೆ ಪಂಪಿನ ಮೋಟರ್ ಒಳಗೆ ತಾಮ್ರದ ತಂತಿ ಇರುತ್ತದೆ. ಅದನ್ನು ಕಬ್ಬಿಣದ ಗುಡ್ಡೆಗೆ ಎಸೆದರೆ ಕಬ್ಬಿಣದ ದರವೇ ಸಿಗುವುದು. ಸಮುದ್ರದ ಗಾಳಿಗೆ ತುಕ್ಕು ಹಿಡಿದ ತಗಡಿಗೆ ಬೆಲೆ ಕಡಿಮೆ, ಅದರಲ್ಲಿ ಚೌಕಾಸಿ ಮಾಡಿ ಪ್ರಯೋಜನವಿಲ್ಲ. ತಕ್ಕಡಿ ಸರಿಯಿದೆಯೋ ನೋಡಲು ಸುಲಭದ ದಾರಿ ಇದೆ: ಖಾಲಿ ಕೊಡ ತೂಗಿಸಿ, ಅದಕ್ಕೆ ಅಳೆದು 10 ಲೀಟರ್ ನೀರು ಹಾಕಿ ಮತ್ತೆ ತೂಗಿಸಿ. ವ್ಯತ್ಯಾಸ 10 ಕಿಲೋ ಬರಲೇಬೇಕು. ಕೈಯಲ್ಲಿ ಹಿಡಿಯುವ ಸ್ಪ್ರಿಂಗ್ ತಕ್ಕಡಿಯಾದರೆ ಈ ಪರೀಕ್ಷೆ ಬಿಡಬೇಡಿ. ವೈರ್ ಸುಟ್ಟು ತಾಮ್ರ ತೆಗೆಯಲು ಯಾರಿಗೂ ಬಿಡಬಾರದು. ವೈರಿನ ಹೊದಿಕೆಯ ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ, ಡಯಾಕ್ಸಿನ್ ಎಂಬ ವಿಷ ಏಳುತ್ತದೆ, ಸುಟ್ಟ ತಾಮ್ರಕ್ಕೆ ದರವೂ ಇಳಿಯುತ್ತದೆ. ಫ್ರಿಜ್ಜನ್ನು ಅಂಗಳದಲ್ಲಿ ಒಡೆಸಬೇಡಿ. ಹೊಸ ಫ್ರಿಜ್ಜಿನ ಅನಿಲ ಬೆಂಕಿ ಹಿಡಿಯುವಂಥದ್ದಾದರೆ, ತೀರಾ ಹಳೆಯದರದ್ದು ಓಜೋನ್ ಪದರಕ್ಕೆ ಕೇಡು. ಹೊಸದು ಕೊಳ್ಳುವಾಗ ಎಕ್ಸ್‌ಚೇಂಜಿಗೆ ಇಡೀ ಫ್ರಿಜ್ಜನ್ನೇ ಕೊಡುವುದು ಒಳ್ಳೆಯದು. ಇನ್ವರ್ಟರ್ ಬ್ಯಾಟರಿಯೂ ಹಾಗೆಯೇ ಡೀಲರಿಗೆ ಹೋಗಬೇಕು. ಗಾಡಿಯಲ್ಲಿ ನೆಟ್ಟಗೆ ನಿಲ್ಲಿಸಬೇಕು, ಆಸಿಡ್ ಚೆಲ್ಲಿಕೊಂಡರೆ ಕಬ್ಬಿಣ ಪೇಪರ್ ಎಲ್ಲ ಹಾಳು.

ಮೈಲುತುತ್ತದ (ತಾಮ್ರದ ಸಲ್ಫೇಟ್) ವಿಷಯ ಮಲೆನಾಡಿನ ಮನೆಗಳಲ್ಲಿ ತಪ್ಪದೆ ಬರುತ್ತದೆ. ಕೊಟ್ಟಿಗೆ ಮೂಲೆಯಲ್ಲಿ ಗಟ್ಟಿಯಾದ ನೀಲಿ ಹೆಂಟೆ ಸಿಕ್ಕರೆ ಎಸೆಯಬೇಡಿ. ಅದು ಕೆಡುವ ವಸ್ತುವಲ್ಲ, ಪುಡಿ ಮಾಡಿ ನೀರಲ್ಲಿ ಕರಗಿಸಿದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಆಗುತ್ತದೆ, ಅಡಿಕೆ ತೋಟ ಇರುವವರಿಗೆ ಕೊಡಿ. ಹಳ್ಳದಲ್ಲಿ ಮಾತ್ರ ತೊಳೆಯಲೇಬಾರದು, ತಾಮ್ರಕ್ಕೆ ಮೀನು ಸಾಯುತ್ತವೆ. ಕೀಟನಾಶಕದ ಖಾಲಿ ಬಾಟಲಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಹಾಕಿ, ಬಾಟಲಿಗೆ ತೂತು ಕೊಡಬೇಕು. ಇಲ್ಲದಿದ್ದರೆ ಯಾರೋ ಅದರಲ್ಲಿ ಎಣ್ಣೆ ತುಂಬಿಸುತ್ತಾರೆ. ಟ್ಯೂಬ್‌ಲೈಟ್, ಸಿಎಫ್‌ಎಲ್ ಒಡೆಯದೆ ರಟ್ಟಿನ ಪೆಟ್ಟಿಗೆಯಲ್ಲಿಡಿ, ಒಳಗೆ ಪಾದರಸ ಇದೆ. ಇವೆಲ್ಲ ಅಪಾಯಕಾರಿ ಕಸ ಎಂದು ಬೇರೆಯೇ ಕೊಡಬೇಕಾದವು.

ಬಚ್ಚಲ ಒಲೆಗೆ ಪ್ಲಾಸ್ಟಿಕ್ ಹಾಕಿ ಬೆಂಕಿ ಹೊತ್ತಿಸುವ ಅಭ್ಯಾಸ ಇನ್ನೂ ಇದೆ. ಆ ಹೊಗೆ ಬಿಸಿನೀರು ಕಾಯಿಸುವವರ ಎದೆಗೇ ಹೋಗುತ್ತದೆ, ಬೂದಿ ಹಿತ್ತಲ ಬಸಳೆಗೆ ಬೀಳುತ್ತದೆ. ಒಣ ಹೊಂಬಾಳೆ, ಕರಟ ಇರುವ ಮನೆಯಲ್ಲಿ ಹಾಲಿನ ಪ್ಯಾಕೆಟ್ ಸುಡುವ ಅಗತ್ಯವೇ ಇಲ್ಲ. ತೊಳೆದು ಒಣಗಿಸಿ ಚೀಲದಲ್ಲಿ ಸೇರಿಸಿದರೆ ಪಂಚಾಯತಿಯ ಸ್ವಚ್ಛ ವಾಹಿನಿಯೋ ನಗರಸಭೆಯ ಗಾಡಿಯೋ ಒಯ್ಯುತ್ತದೆ.

ಹಸಿ ಕಸ ಗಾಡಿಗೆ ಹತ್ತಿಸುವುದೇ ಬೇಡ. ಗೊಬ್ಬರಗುಂಡಿಯ ತಳಕ್ಕೆ ತೆಂಗಿನ ಸಿಪ್ಪೆ ಹಾಸಿದರೆ ನೀರು ಬಸಿಯುತ್ತದೆ. ಒಂದು ಬುಟ್ಟಿ ಅಡುಗೆಮನೆ ಕಸಕ್ಕೆ ಎರಡು-ಮೂರು ಬುಟ್ಟಿ ದರಕು (ಒಣ ಎಲೆ) ಹಾಕಬೇಕು. ವಾಸನೆ ಬಂದರೆ ದರಕು ಕಡಿಮೆಯಾಗಿದೆ ಎಂದೇ ಅರ್ಥ. ಮಳೆಗಾಲದಲ್ಲಿ ಮೇಲೆ ತಗಡು ಬೇಕೇ ಬೇಕು, ಇಲ್ಲದಿದ್ದರೆ ಸಾರವೆಲ್ಲ ತೊಳೆದು ಹೋಗುತ್ತದೆ. ಮೀನಿನ ಕಸವನ್ನು ಒಂದೂವರೆ ಅಡಿ ಆಳದಲ್ಲಿ ಹೂತು ಮೇಲೆ ಕಲ್ಲು ಹೇರಿ, ನಾಯಿ ಕೆದಕುವುದಿಲ್ಲ.

ಇಷ್ಟಾದ ಮೇಲೆ ಉಳಿಯುವುದು ಹೆಚ್ಚಾಗಿ ಭಾರದ ಸಾಮಾನು, ಮುರಿದ ಕಲ್ಲು, ಗಾರೆ. ಇಲ್ಲೇ ಜನ ಲೆಕ್ಕ ತಪ್ಪುವುದು. ಟಾಟಾ ಏಸ್ ತೊಟ್ಟಿ ಸುಮಾರು 7 ಅಡಿ ಉದ್ದ, 5 ಅಡಿ ಅಗಲ. ಹೊರುವ ಭಾರ ಸುಮಾರು 750 ಕಿಲೋ. ಗಾರೆ-ಇಟ್ಟಿಗೆ ಚೂರು ಘನ ಅಡಿಗೆ 35-40 ಕಿಲೋ ತೂಗುತ್ತದೆ. ಅಂದರೆ ತೊಟ್ಟಿಯಲ್ಲಿ 7 ಇಂಚು ಎತ್ತರ ತುಂಬಿದರೆ ಭಾರದ ಮಿತಿ ಮುಗಿಯಿತು. ಸೊಂಟದ ಮಟ್ಟಕ್ಕೆ ಏರಿಸಿ ಘಟ್ಟ ಇಳಿಯುವುದು ಬ್ರೇಕಿನ ಮೇಲೆ ಜೀವ ಇಟ್ಟಂತೆ. ಹಾಸಿಗೆ, ಮುರಿದ ಕುರ್ಚಿಯಾದರೆ ಜಾಗ ಮೊದಲು ಮುಗಿಯುತ್ತದೆ, ಭಾರವಲ್ಲ. ಹಾಗಾಗಿ ಬಾಡಿಗೆ ಮಾತಾಡುವಾಗ ಎರಡಕ್ಕೂ ಪ್ರತ್ಯೇಕ ಟ್ರಿಪ್ ಲೆಕ್ಕ ಹೇಳಿ.

ಮಂಗಳೂರು ಹೆಂಚು ಒಂದೊಂದು ಎರಡೂವರೆ ಕಿಲೋ ಬರುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿದರೆ ಒಡೆಯುವುದಿಲ್ಲ, ಕೊಳ್ಳುವವರು ಸಿಗುತ್ತಾರೆ. ಸಾಗವಾನಿ, ಬೀಟೆಯ ತೊಲೆ-ಹಲಗೆ ಸಾಗಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಪಾಸ್ ವಿಚಾರಿಸಿ, ಚೆಕ್‌ಪೋಸ್ಟಿನಲ್ಲಿ ಗಾಡಿ ನಿಂತರೆ ತೊಂದರೆ ಮನೆಯವರಿಗೆ. ಹಳೆ ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವುದರಿಂದ ನೀರು ಹಾಕಿ ಒದ್ದೆ ಮಾಡಿ, ಒಡೆಯದೆ ಇಡಿಯಾಗಿ ಇಳಿಸಬೇಕು.

ಗಾಡಿಯವರಿಗೆ ನಾನು ಕೇಳುವ ಮೊದಲ ಪ್ರಶ್ನೆ ಬಾಡಿಗೆಯದ್ದಲ್ಲ, "ಎಲ್ಲಿ ಸುರಿಯುತ್ತೀರಿ" ಎನ್ನುವುದು. "ಅದೆಲ್ಲ ನಾವು ನೋಡಿಕೊಳ್ಳುತ್ತೇವೆ" ಎಂದರೆ ಬೇರೆಯವರನ್ನು ಹುಡುಕುತ್ತೇನೆ. ಕಟ್ಟಡದ ಅವಶೇಷ ಎಲ್ಲಿ ಹಾಕಿಸಬಹುದು ಎಂದು ನಗರಸಭೆಯಲ್ಲಿ ಅಥವಾ ಪಂಚಾಯತಿಯಲ್ಲಿ ಮೊದಲೇ ಕೇಳಿಟ್ಟುಕೊಂಡರೆ ಮಾತು ಬಿಗಿಯಾಗುತ್ತದೆ. ತುಂಬುವ ಕೂಲಿ ಸೇರಿದೆಯೋ ಇಲ್ಲವೋ, ಇಳಿಸುವುದು ಯಾರು, ಟಾರ್ಪಾಲು ಹೊದೆಸುತ್ತಾರೋ, ಟ್ರಿಪ್ಪಿಗೆ ಎಷ್ಟು, ಎಲ್ಲವನ್ನೂ ವಾಟ್ಸಾಪಿನಲ್ಲಿ ಬರೆಸಿ, ಗಾಡಿ ನಂಬರಿನ ಫೋಟೋ ತೆಗೆದಿಡಿ. ಅರ್ಧ ಹಣ ಹೊರಡುವಾಗ, ಉಳಿದರ್ಧ ಸುರಿದ ಜಾಗದ ಫೋಟೋ ಬಂದ ಮೇಲೆ.