ಬಿಳಿ ಅಂಚಿನ ಐವಿ: ಕುಂಡದಲ್ಲಿ, ಮರದ ಬುಡದಲ್ಲಿ

ವೇರಿಗೇಟೆಡ್ ಐವಿ, ಅಂದರೆ ಎಲೆಯಂಚು ಬಿಳಿಯಿರುವ ಐವಿ ಬಳ್ಳಿ, ನರ್ಸರಿಯಲ್ಲಿ ಎಷ್ಟು ಚೆಂದ ಕಾಣುತ್ತದೆ ಅಂದರೆ ಕೊಳ್ಳದೆ ಬರೋಕೆ ಮನಸ್ಸೇ ಬರಲ್ಲ. ಮನೆಗೆ ತಂದು ಒಂದೆರಡು ತಿಂಗಳಿಗೆ ಒಣಗಿ ಹೋದಾಗ ಬೇಜಾರಾಗುತ್ತದೆ. ನನ್ನ ಮೊದಲ ಗಿಡ ಹಾಗೇ ಹೋಯಿತು. ಏಪ್ರಿಲ್‌ನಲ್ಲಿ ತಂದು ಟೆರೇಸಿನ ಬಿಸಿಲಿಗೆ ಇಟ್ಟಿದ್ದೆ. ಇದು ಯುರೋಪಿನ ಕಡೆಯ ಬಳ್ಳಿ, ಇಂಗ್ಲಿಷ್ ಐವಿಯದೇ ಒಂದು ಬಗೆ, ಮರಗಳ ನೆರಳಲ್ಲಿ ತಂಪು ಮಣ್ಣಿನ ಮೇಲೆ ಹಬ್ಬಿ ಬೆಳೆಯುವಂಥದ್ದು. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನ ಹವೆಗೆ ಒಗ್ಗುತ್ತದೆ. ಮಂಗಳೂರಿನ ಸೆಕೆಗೂ ಕಲಬುರಗಿಯ ಬೇಸಿಗೆಗೂ ಕಷ್ಟ. ಅಲ್ಲಿನವರು ಬಿಳಿ ಮಚ್ಚೆಯ ಮನಿ ಪ್ಲಾಂಟ್ ಬೆಳೆಸಿ, ನೋಡೋಕೂ ಚೆನ್ನಾಗಿರುತ್ತದೆ.

ಬೆಳಕಿನ ವಿಷಯದಲ್ಲೇ ಜಾಸ್ತಿ ಜನ ಎಡವುವುದು. ಎಲೆಯ ಬಿಳಿ ಭಾಗದಲ್ಲಿ ಹಸಿರು ಇಲ್ಲ, ಹಾಗಾಗಿ ಅಲ್ಲಿ ಗಿಡಕ್ಕೆ ಆಹಾರ ತಯಾರಾಗುವುದಿಲ್ಲ. ಉಳಿದ ಹಸಿರೇ ಇಡೀ ಬಳ್ಳಿಯನ್ನು ಸಾಕಬೇಕು. ಅದಕ್ಕೇ ಪೂರ್ತಿ ಹಸಿರು ಐವಿಗಿಂತ ಇದಕ್ಕೆ ಬೆಳಕು ಹೆಚ್ಚು ಬೇಕು, ಆದರೆ ಮಧ್ಯಾಹ್ನದ ಬಿಸಿಲು ತಾಗಿದರೆ ಬಿಳಿ ಅಂಚು ಕಂದಾಗಿ ಸುಟ್ಟು ಹೋಗುತ್ತದೆ. ಪೂರ್ವದ ಬಾಲ್ಕನಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಬೆಳಗಿನ ಎಳೆ ಬಿಸಿಲು ಸಾಕು. ಕತ್ತಲ ಮೂಲೆಯಲ್ಲಿಟ್ಟರೆ ಹೊಸ ಎಲೆಗಳು ಹಸಿರಾಗುತ್ತಾ ಬರುತ್ತವೆ.

ಒಳ್ಳೆ ಬೆಳಕಿದ್ದರೂ ಕೆಲವೊಮ್ಮೆ ಒಂದು ಚಿಗುರು ಪೂರ್ತಿ ಹಸಿರಾಗಿ ಬರುತ್ತದೆ. ಸುಮ್ನೆ ಬಿಡಬೇಡಿ. ಅದು ಉಳಿದವಕ್ಕಿಂತ ಬೇಗ ಬೆಳೆದು, ಒಂದೆರಡು ವರ್ಷದಲ್ಲಿ ಬಿಳಿ ಎಲೆಗಳನ್ನೆಲ್ಲ ಮುಚ್ಚಿಬಿಡುತ್ತದೆ. ಕಂಡ ತಕ್ಷಣ ಅದು ಹೊರಟ ಬುಡದಿಂದಲೇ ಕತ್ತರಿಸಿ. ಕೈಗೆ ಗ್ಲೌಸ್ ಇರಲಿ, ಇದರ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಎಲೆ, ಕಾಯಿ ಎರಡೂ ವಿಷ. ನಾಯಿ, ಬೆಕ್ಕು, ಚಿಕ್ಕ ಮಕ್ಕಳಿದ್ದರೆ ಎತ್ತರದಲ್ಲಿ ತೂಗುಹಾಕಿ.

ಕುಂಡಕ್ಕೆ ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮ ಸಮ ಹಾಕಿ, ಒಂದು ಹಿಡಿ ದಪ್ಪ ಮರಳು ಸೇರಿಸಿ. ಶುರುವಿಗೆ 6 ಇಂಚಿನ ಕುಂಡ ಸಾಕು. ಬೆರಳು ಚುಚ್ಚಿ ನೋಡಿ, ಮೇಲಿನ ಒಂದು ಇಂಚು ಒಣಗಿದ್ದರೆ ಮಾತ್ರ ನೀರು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಇಲ್ಲದಿದ್ದರೆ ಬೇರು ಕೊಳೆಯುತ್ತದೆ.

ಫೆಬ್ರವರಿಯಿಂದ ಮೇ ತನಕ ಗಾಳಿ ಒಣಗಿರುವಾಗ ಕೆಂಪು ನುಸಿ ಬರುತ್ತದೆ. ಎಲೆಯ ಮೇಲೆ ಸೂಜಿಮೊನೆಯಂಥ ಹಳದಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಅದೇ. ಆ ತಿಂಗಳುಗಳಲ್ಲಿ ನಾನು ವಾರಕ್ಕೊಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು, ಎಲೆಗಳ ಅಡಿಭಾಗಕ್ಕೆ ರಭಸವಾಗಿ ನೀರು ಬಿಟ್ಟು ತೊಳೆಯುತ್ತೇನೆ. ಅಷ್ಟಕ್ಕೂ ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ.

ಹುಲ್ಲು ಬಾರದ ಮರದ ಬುಡಕ್ಕೆ ನೆಲಹಾಸಾಗಿ ಹಾಕುವುದಾದರೆ ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ ನೆಡಿ. ಮೊದಲು ಕಳೆಯನ್ನು ಬೇರುಸಹಿತ ಕೀಳಬೇಕು, ಬಳ್ಳಿ ಹಬ್ಬಿದ ಮೇಲೆ ಕೀಳೋಕೆ ಆಗಲ್ಲ. ಒಂದೊಂದು ಅಡಿಗೆ ಒಂದು ಗಿಡ ಸಾಕು. ಬಳ್ಳಿಯನ್ನು ಮಣ್ಣಿಗೆ ಮಲಗಿಸಿ, ತಂತಿ ಬಗ್ಗಿಸಿ ಅಲ್ಲಲ್ಲಿ ಚುಚ್ಚಿ ಹಿಡಿಸಿದರೆ ಗೆಣ್ಣುಗೆಣ್ಣಿನಲ್ಲೂ ಬೇರು ಬಿಡುತ್ತದೆ. ಮೊದಲ ವರ್ಷ ಬೆಳವಣಿಗೆ ನಿಧಾನ, ತಾಳ್ಮೆ ಬೇಕು.

ಆದರೆ ಮರ ಹತ್ತೋಕೆ ಬಿಡಲೇಬೇಡಿ. ಮೇಲೇರಿ ಬಲಿತ ಬಳ್ಳಿ ಹೂ, ಕಾಯಿ ಬಿಡುತ್ತದೆ, ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ಯುತ್ತವೆ. ಅಮೆರಿಕದ ಒರೆಗಾನ್ ರಾಜ್ಯದ ಕಾಡುಗಳಲ್ಲಿ ಹೀಗೇ ಹರಡಿತು, 2010ರಲ್ಲಿ ಅಲ್ಲಿ ಇಂಗ್ಲಿಷ್ ಐವಿ ಮಾರಾಟಕ್ಕೇ ನಿಷೇಧ ಬಂತು. ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಕಾಡಂಚಿಗೆ ತೋಟ ಇರುವವರು ದಯವಿಟ್ಟು ಕುಂಡದಲ್ಲೇ ಬೆಳೆಸಿ.

ಹೊಸ ಗಿಡಕ್ಕೆ ಮತ್ತೆ ದುಡ್ಡು ಕೊಡಬೇಕಾಗಿಲ್ಲ. ಬಿಳಿ ಅಂಚು ಚೆನ್ನಾಗಿರುವ ಬಳ್ಳಿಯನ್ನೇ ಆರಿಸಿ, ನಾಲ್ಕೈದು ಇಂಚಿನ ತುಂಡನ್ನು ಗೆಣ್ಣಿನ ಕೆಳಗೆ ಕತ್ತರಿಸಿ ನೀರಿನ ಲೋಟದಲ್ಲಿಡಿ. ಕೆಳಗಿನ ಎಲೆ ತೆಗೆದುಬಿಡಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಮೂರು ವಾರದ ಹೊತ್ತಿಗೆ ಬೇರು ಬರುತ್ತದೆ. ಐದಾರು ತುಂಡುಗಳನ್ನು ಒಂದೇ ಕುಂಡದಲ್ಲಿ ನೆಡಿ, ಒಂದೇ ನೆಟ್ಟರೆ ಕುಂಡ ತುಂಬೋಕೆ ತುಂಬಾ ಕಾಲ ಬೇಕು.